ಗ್ರೀಕ್ ವೀರ, ಬೈಬಲ್ಲಿನ ಅರಸ, ಪೀಣ್ಯದ ನಾನು

ಬೆಂಗಳೂರಿನ ಪೀಣ್ಯಕ್ಕೆ ಮೆಟ್ರೊ ಬರುವುದಕ್ಕೂ ಮೊದಲಿನ ಮಾತು. ತಗಡಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಸೂಪರ್‌ವೈಸರ್. ಅಂಚೆ ಮೂಲಕ ಎಂ.ಎ. ಓದುವ ಹುಚ್ಚು ಬೇರೆ. ಆ ವರ್ಷ ಬರೆಯಬೇಕಿದ್ದ ಪ್ರಬಂಧ ಗ್ರೀಕ್ ವೀರರು ಮತ್ತು ಬೈಬಲ್ಲಿನ ವೀರರ ಕುರಿತದ್ದು: ಯಾರ ಹಿರಿಮೆ ಏನು, ಯಾರ ಕೊರತೆ ಏನು. ಓದಿದ್ದನ್ನೆಲ್ಲ ಊಟದ ಹೊತ್ತಿನಲ್ಲಿ ತಗಡು ಒತ್ತುವ ಪ್ರೆಸ್ ಯಂತ್ರದ ಆಪರೇಟರ್ ಒಬ್ಬನಿಗೆ ಹೇಳುತ್ತಿದ್ದೆ. ಗದಗದ ಕಡೆಯವನು, ನನ್ನ ವಯಸ್ಸಿನವನೇ.

ಗ್ರೀಕ್ ವೀರನೊಬ್ಬನನ್ನು ಹಸುಗೂಸಾಗಿದ್ದಾಗ ತಾಯಿ ಹಿಮ್ಮಡಿ ಹಿಡಿದು ಪಾತಾಳದ ನದಿಯಲ್ಲಿ ಅದ್ದಿದಳು, ಮೈಯೆಲ್ಲ ವಜ್ರವಾಯಿತು, ಹಿಡಿದಿದ್ದ ಹಿಮ್ಮಡಿ ಮಾತ್ರ ನೆನೆಯದೆ ಉಳಿದು ಕೊನೆಗೆ ಅಲ್ಲೇ ಬಾಣ ಬಿತ್ತು ಎಂದೆ. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿಬಿಟ್ಟ.

‘ಅಲ್ರೀ ಸರ, ಕೈ ಬದಲಿಸಿ ಇನ್ನೊಮ್ಮೆ ಅದ್ದಾಕ ಆಕಿಗೇನಾಗಿತ್ರೀ?’

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅವನ ಪ್ರೆಸ್ಸಿಗೆ ಎರಡು ಬಟನ್. ಎರಡೂ ಕೈಯಿಂದ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಕೆಳಗಿಳಿಯುತ್ತದೆ. ಕೈ ಒಳಗೆ ಸಿಕ್ಕಬಾರದೆಂದು ಈ ಏರ್ಪಾಡು. ಅರ್ಜೆಂಟ್ ಆರ್ಡರ್ ಬಂತು ನೋಡಿ, ಒಂದು ಬಟನ್ ಒತ್ತಿಕೊಂಡೇ ಇರಲೆಂದು ಅದರ ಸಂದಿಗೆ ಬೆಂಕಿಕಡ್ಡಿ ತುರುಕಿದೆ. ಒಂದು ಕೈ ಬಿಡುವಾದರೆ ಕೆಲಸ ಬೇಗ. ಪೀಣ್ಯದಲ್ಲಿ ಯಾರೂ ಮಾಡದ್ದೇನಲ್ಲ. ‘ಬ್ಯಾಡ್ರೀ ಸರ’ ಎಂದ ಅವನು. ‘ಏನೂ ಆಗಲ್ಲ ಕಣೋ, ಎರಡು ದಿನ ಅಷ್ಟೇ’ ಎಂದೆ. ಎರಡನೆಯ ದಿನವೇ ಅವನ ಬಲಗೈಯ ತೋರುಬೆರಳು, ನಡುಬೆರಳು ಹೋದವು.

ಹದಿನೈದು ದಿನ ಬಿಟ್ಟು ಮ್ಯಾನೇಜರ್ ಕೋಣೆಯಲ್ಲಿ ವಿಚಾರಣೆ. ಬ್ಯಾಂಡೇಜ್ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು ಅವನು ನಿಂತಿದ್ದ. ಕಡ್ಡಿ ಇಟ್ಟವನು ಅವನೇ ಎಂದಾದರೆ ಕೆಲಸ ಹೋಗುತ್ತದೆ ಎಂಬುದು ಮೂವರಿಗೂ ಗೊತ್ತು.

‘ಯಾರಯ್ಯ ಇಟ್ಟಿದ್ದು?’ ಎಂದು ಮ್ಯಾನೇಜರ್ ನನ್ನನ್ನು ಕೇಳಿದರು.

‘ನಾನು ನೋಡಿಲ್ಲ ಸಾರ್’ ಎಂದೆ. ಥೂ, ನನ್ನ ನಾಲಿಗೆ ಬಿದ್ದುಹೋಗ! ಅವನು ನನ್ನ ಮುಖವನ್ನೇ ನೋಡಿದ. ತಪ್ಪು ಅವನದೇ ಎಂದು ಬರೆದು ಕೆಲಸದಿಂದ ತೆಗೆದರು.

ಆ ಭಾನುವಾರ ಕೂತು ಪ್ರಬಂಧ ಮುಗಿಸಿದೆ. ಗ್ರೀಕ್ ವೀರ ಮಹಾ ಶೂರ, ಆದರೆ ಹಠಮಾರಿ. ಮರ್ಯಾದೆ ಹೋಯಿತೆಂದು ಮುನಿಸಿಕೊಂಡು ಯುದ್ಧಕ್ಕೇ ಹೋಗದೆ ತನ್ನವರನ್ನೇ ಸಾಯಲು ಬಿಟ್ಟ. ಬೈಬಲ್ಲಿನ ಅರಸನೂ ಸಾಚಾ ಅಲ್ಲ. ಪರರ ಹೆಂಡತಿಗೆ ಆಸೆಪಟ್ಟು, ಅವಳ ಗಂಡನನ್ನು ಯುದ್ಧದ ಮುಂಚೂಣಿಗೆ ಕಳಿಸಿ ಕೊಲ್ಲಿಸಿದ. ಆದರೆ ಪ್ರವಾದಿಯೊಬ್ಬ ಎದುರು ನಿಂತು ಕೇಳಿದಾಗ ಸುಳ್ಳು ಹೇಳದೆ ತಪ್ಪೊಪ್ಪಿಕೊಂಡ. ಆದ್ದರಿಂದ ಅರಸನೇ ದೊಡ್ಡವನು ಎಂದು ತೀರ್ಪು ಕೊಟ್ಟೆ. ನಾನು! ಒಳ್ಳೆಯ ಅಂಕವೂ ಬಂತು. ಆ ಹಾಳೆಗಳನ್ನು ಕಂಡರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು.

ತಡೆಯಲಾರದೆ ಒಂದು ಸಂಜೆ ಲಗ್ಗೆರೆಯಲ್ಲಿದ್ದ ಅವನ ಬಾಡಿಗೆ ಕೋಣೆಗೆ ಹೋದೆ. ಮಗಳ ಕಾಪಿ ಪುಸ್ತಕದಲ್ಲಿ ಎಡಗೈಯಿಂದ ಸಹಿ ಹಾಕುವುದನ್ನು ಕಲಿಯುತ್ತಿದ್ದ. ಹೆಂಡತಿ, ಮಗಳು ಹೊರಗೆ ಹೋಗಿದ್ದರು.

‘ತಪ್ಪೆಲ್ಲ ನಂದೇ, ಕ್ಷಮಿಸ್ಬಿಡು’ ಎಂದು ಅತ್ತೇಬಿಟ್ಟೆ.

ಅವನು ಪೆನ್ನು ಕೆಳಗಿಟ್ಟ. ‘ಇಲ್ಲಿ ನಾವಿಬ್ರ ಅದೀವ್ರೀ ಸರ. ನನಗಂತೂ ಗೊತ್ತೈತಿ. ಗೊತ್ತಿಲ್ಲದವ್ರ ಮುಂದ ಹೋಗಿ ಹೇಳ್ರಿ.’

ಮರುದಿನ ಬೆಳಿಗ್ಗೆ ಎಲ್ಲ ಹೇಳಿಬಿಡಬೇಕೆಂದು ಮ್ಯಾನೇಜರ್ ಕೋಣೆಯ ಬಾಗಿಲಲ್ಲಿ ನಿಂತೆ. ‘ಏನಯ್ಯ?’ ಎಂದರು ತಲೆಯೆತ್ತಿ.

‘ಆ ಪ್ರೆಸ್ಸಿಗೆ ಹೊಸ ಆಪರೇಟರ್ ಬಂದಿದಾನೆ ಸಾರ್’ ಎಂದಷ್ಟೇ ಹೇಳಿ ಹಿಂದಿರುಗಿದೆ.