ಆಯೇರಿ ಟಾವೆಲ್, ಅರ್ಧ ಗುಳಿಗಿ

ಮುದ್ದೇಬಿಹಾಳದ ನಮ್ಮ ಮನೆಯ ಟ್ರಂಕಿನಲ್ಲಿ ಒಂದು ಅಂಗಡಿ ತೆರೆಯುವಷ್ಟು ಹೊಸ ಟಾವೆಲ್ಲುಗಳಿವೆ. ಮುಖ ಒರೆಸಿಕೊಳ್ಳಲು ಮಾತ್ರ ಬಚ್ಚಲ ಬಾಗಿಲಿನ ಮೊಳೆಗೆ ತೂಗುವ ಒಂದೇ ಒಂದು ಹಳೆಯದು. ಟ್ರಂಕಿನವು ಆಯೇರಿಯವು, ಅಂದರೆ ಉಡುಗೊರೆಯವು; ಮದುವೆಗಳಲ್ಲಿ ಬೀಗರು ತಲೆಗೆ ಟೋಪಿ ಇಟ್ಟು ಹೆಗಲಿಗೆ ಹೊದಿಸಿದವು. ಅವನ್ನು ಬಳಸುವಂತಿಲ್ಲ. ಮಡಚಿಟ್ಟು ಮುಂದಿನ ಮದುವೆಯಲ್ಲಿ ಇನ್ನೊಬ್ಬರ ಹೆಗಲಿಗೆ ಸಾಗಿಸಬೇಕು. ನಾವು ಸಿಂದಗಿಯಲ್ಲಿ ಹೊದಿಸಿದ ಹಳದಿ ಅಂಚಿನದೊಂದು ಬಸವನ ಬಾಗೇವಾಡಿ ಸುತ್ತಿಕೊಂಡು, ಒಮ್ಮೆಯೂ ನೀರು ಕಾಣದೆ, ನಮ್ಮ ಹೆಗಲಿಗೇ ವಾಪಸ್ ಬಂದಿದೆ. ಇದಕ್ಕೆ ನಾವು ಮರ್ಯಾದೆ ಎನ್ನುತ್ತೇವೆ.

ಮೊಳೆಯ ಟಾವೆಲ್ಲಿಗೆ ಮರ್ಯಾದೆ ಇಲ್ಲ, ಬಿಡುವೂ ಇಲ್ಲ. ಮನೆಯವರು, ಬಂದವರು, ಹೋದವರು ಎಲ್ಲರೂ ಅದಕ್ಕೇ ಒರೆಸುತ್ತಾರೆ. ಸಿಂದಗಿಯಿಂದ ಬಂದ ನನ್ನ ಹೆಂಡತಿಯ ಅಣ್ಣನೂ ಕುತ್ತಿಗೆಯ ಕೀವು ತುಂಬಿದ ಕುರುವಿನ ಸಮೇತ ಒರೆಸಿಕೊಂಡರು. ಅವರು ಇನ್ನೂ ಊರಿಗೆ ಹೊರಟಿರಲಿಲ್ಲ, ನನ್ನ ಕುತ್ತಿಗೆಯಲ್ಲೂ ಕುರು ಎದ್ದಿತು. ಮನೆಯವರೆಲ್ಲ ಉಷ್ಣ ಎಂದು ತೀರ್ಪು ಕೊಟ್ಟರು. ನಮ್ಮ ಕಡೆ ಕೂದಲು ಉದುರಿದರೂ ಉಷ್ಣ, ಹುಡುಗ ಫೇಲಾದರೂ ಉಷ್ಣ. ಅಣ್ಣ ಅಂಗಿಯ ಕಿಸೆಯಿಂದ ಅರ್ಧ ಖಾಲಿಯಾದ ಗುಳಿಗಿ ಪಟ್ಟಿ ತೆಗೆದರು.

“ಎರಡರಾಗ ನನಗ ಆರಾಮ ಆತ್ರಿ ಮಾಸ್ತರ್ರ. ಉಳದದ್ದು ನೀವು ತಗೋರಿ, ಯಾಕ ಹಾಳ ಮಾಡೂದು?”

ಮಕ್ಕಳಿಗೆ ವಿಜ್ಞಾನ ಹೇಳುವ ನಾನು ಆ ಎಂಜಲು ಔಷಧವನ್ನು ಪ್ರಸಾದದ ಹಾಗೆ ನುಂಗಿದೆ. ಕುರು ಇಳಿಯಿತು, ಗುಳಿಗಿ ಬಿಟ್ಟೆ. ಕುರು ಮತ್ತೆ ಎದ್ದಿತು, ಈ ಸಲ ಹೆಂಡತಿಯ ತೋಳನ್ನೂ ಜೊತೆಗೆ ಕರೆದುಕೊಂಡು.

ಕೊನೆಗೆ ಊರ ದವಾಖಾನೆಯ ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ಕೊಯ್ದು, ಕೀವನ್ನು ವಿಜಯಪುರಕ್ಕೆ ತಪಾಸಣೆಗೆ ಕಳಿಸಿದರು. ಸಾಮಾನ್ಯ ಔಷಧಗಳು ಯಾವುವೂ ಈ ರೋಗಾಣುವಿಗೆ ತಾಗುವುದಿಲ್ಲ ಎಂದು ವರದಿ ಬಂತು. ಅರ್ಧಕ್ಕೇ ಬಿಟ್ಟ ಔಷಧದಲ್ಲಿ ಮೆತ್ತನೆಯವು ಸಾಯುತ್ತವೆ, ಗಟ್ಟಿಯವು ಉಳಿದು ಸಂಸಾರ ಬೆಳೆಸುತ್ತವೆ ಎಂದು ನನಗೇ ಪಾಠ ಹೇಳಿದರು. ತಾಗುವ ಬೇರೆ ಗುಳಿಗಿ ಬರೆದುಕೊಟ್ಟರು: ಅದನ್ನು ಪೂರ್ತಿ ಮುಗಿಸಬೇಕು, ಗಾಯ ಮುಚ್ಚಿರಬೇಕು, ಹಿಂಡಬಾರದು, ಸಾಬೂನಿನಿಂದ ಕೈ ತೊಳೆಯಬೇಕು, ಒಬ್ಬೊಬ್ಬರಿಗೆ ಒಂದೊಂದು ಟಾವೆಲ್ ಇರಬೇಕು. ಮಗಳು ಬಾಣಂತನಕ್ಕೆ ಬರುವವಳಿದ್ದಾಳೆ ಎಂದಾಗ ಅವರ ಪೆನ್ನು ನಿಂತಿತು. “ಗಾಯ ಪೂರಾ ಮಾಯೂತನಕ ಕರಕೋಬ್ಯಾಡ್ರಿ. ಹಸಿಗೂಸಿಗೆ ಇದು ಹತ್ತಿದ್ರ ಭಾಳ ಕಷ್ಟ ಐತಿ.”

ಮನೆಗೆ ಬಂದು ಟ್ರಂಕು ತೆರೆದೆ. ಆಯೇರಿ ಟಾವೆಲ್ಲಿಗೆ ಯಾರಾದರೂ ಮಾರಿ ಒರೆಸುತ್ತಾರೆಯೇ ಎಂದು ಹೆಂಡತಿ ಹೌಹಾರಿದಳು. ಕುರು ಎದ್ದಾಗಲೂ ಅವಳು ಅಷ್ಟು ಗಾಬರಿಯಾಗಿರಲಿಲ್ಲ. ಆದರೂ ಹಂಚಿದೆ. ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿದ ನಮ್ಮ ಮರ್ಯಾದೆಯನ್ನು ಓಣಿಯೆಲ್ಲ ನೋಡಿತು. ಗಾಯ ಮಾಯಿತು, ಮಗಳು ಬಂದಳು, ಹೆಣ್ಣುಕೂಸು ಹುಟ್ಟಿತು.

ತೊಟ್ಟಿಲಿಗೆ ಹಾಕುವ ದಿನ ಸಿಂದಗಿಯ ಅಣ್ಣ ಬಂದರು. ಮಣಿಕಟ್ಟಿನ ಮೇಲೆ ಹೊಸ ಕುರು, ಅದರ ಮೇಲೆ ಸುಣ್ಣ-ಬೆಲ್ಲ. ಆ ಕೈಯನ್ನೇ ಕೂಸಿಗೆ ಚಾಚಿದರು. ನಾನು ಅಡ್ಡ ನಿಂತೆ. ಬೀಗರೆದುರು ಅವರ ಮುಖ ಕಪ್ಪಿಟ್ಟಿತು.

“ನಾ ಏನ್ ಹೊರಗಿನವನೇನ್ರಿ?”

“ಹೊರಗಿನವರು ನಮ್ಮ ಟಾವೆಲ್ ಮುಟ್ಟೂದಿಲ್ಲರಿ. ಈ ರೋಗ ನಮ್ಮವರಿಂದನ ಬರೂದು.”

ಅವರು ಉಣ್ಣದೆ ಸಿಂದಗಿ ಬಸ್ ಹತ್ತಿದರು. ನಾನೊಬ್ಬ ಸೊಕ್ಕಿನ ಮನುಷ್ಯ ಎಂದು ಬಳಗವೆಲ್ಲ ಆಡಿಕೊಂಡಿತು. ಹೆಂಡತಿ ನನಗೆ ತಾಟು ಬಡಿಸಿದಳು, ಮಾತು ಬಡಿಸಲಿಲ್ಲ. ಆಗಲಿ. ಮುನಿದ ನೆಂಟನನ್ನು ಹೇಗೆ ಒಲಿಸಬೇಕೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕೂಸಿಗೆ ರೋಗ ಹತ್ತಿದ್ದರೆ ಯಾವ ಔಷಧ ಕೊಡಬೇಕಿತ್ತು ಎಂದು ಆಮೇಲೆ ಡಾಕ್ಟರಮ್ಮನನ್ನು ಕೇಳಿದೆ. ಅವರು ವಿಜಯಪುರದ ವರದಿಯನ್ನು ನನ್ನ ಮುಂದೆ ಸರಿಸಿ, ತಾಗದ ಔಷಧಗಳ ಹೆಸರನ್ನು ಒಂದೊಂದಾಗಿ ಓದತೊಡಗಿದರು.