ವಜೀಹಾಳ ಕೈಗುಣ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಅರಬ್ ನಾಡಿನ ಅಜ್ಲೂನ್ ಗುಡ್ಡಗಾಡಿನವರ ಹತ್ತಿರ ನಡೆಯುವುದಿಲ್ಲ. ಅಲ್ಲಿ ಕಾಲಿಗೆ ತೊಡರಿದ್ದೆಲ್ಲ ಮದ್ದೇ. ಹೊಟ್ಟೆ ನುಲಿದರೆ ಒಂದು ಸೊಪ್ಪು, ಮಗು ಅತ್ತರೆ ಒಂದು, ಅತ್ತೆ ಮುನಿದರೂ ಒಂದು ಇದ್ದೀತು. ಎಲ್ಲಕ್ಕೂ ದೊಡ್ಡದು ಜಾದಾ. ಬಂಡೆಸಂದಿಯಲ್ಲಿ ಬೆಳೆಯುವ ಬೂದುಬಣ್ಣದ ಮೋಟು ಗಿಡ, ನಾಲಿಗೆ ಸುರುಟಿಕೊಳ್ಳುವಂಥ ಕಹಿ. ಸಕ್ಕರೆ ಕಾಯಿಲೆಗೂ ಅದೇ, ಕಾಮಾಲೆಗೂ ಅದೇ.

ಅದನ್ನು ಕುದಿಸುವುದರಲ್ಲಿ ವಜೀಹಾಳನ್ನು ಮೀರಿಸಿದವರಿರಲಿಲ್ಲ. ತಾಯಿ ಸತ್ತಾಗ ತಂಗಿ ನೌಫಾ ಇನ್ನೂ ತೊಟ್ಟಿಲಲ್ಲಿದ್ದಳು. ವಜೀಹಾ ಬಂದ ಸಂಬಂಧಗಳನ್ನೆಲ್ಲ ಹಿಂದಕ್ಕೆ ಕಳಿಸಿ ತಂಗಿಯನ್ನು ಸಾಕಿದಳು, ಓದಿಸಿ ಟೀಚರು ಮಾಡಿದಳು. "ಇವಳನ್ನ ಕಟ್ಕೊಂಡಿದ್ರೆ ದಿನಾ ಕಷಾಯ ಕುಡೀಬೇಕಾಗಿತ್ತು, ಬಚಾವಾದ್ರು ಗಂಡಸರು!" ಎಂದು ಊರು ನಕ್ಕಿತು. ನಕ್ಕವರೇ ಜ್ವರ ಬಂದಾಗ ಅವಳ ಬಾಗಿಲು ತಟ್ಟಿದರು. ಅವಳ ಕೈಗುಣ ಹಾಗಿತ್ತು. ಲೋಟ ಕೊಡುವ ಮೊದಲು ತಾನೊಂದು ಗುಟುಕು ಕುಡಿದು ತೋರಿಸುವುದು ಅವಳ ಪದ್ಧತಿ. ಇನ್ನು ಉಳಿಯುವುದಿಲ್ಲ ಅನ್ನಿಸಿದ ರೋಗಿಗೆ ಮಾತ್ರ ಸೊಪ್ಪು ಹಾಕುತ್ತಿರಲಿಲ್ಲ. ಹೋಗುವವರ ಬಾಯಿ ಯಾಕೆ ಕಹಿ ಮಾಡಬೇಕೆಂದು ಬರೀ ಬಿಸಿನೀರು ಕೊಡುತ್ತಿದ್ದಳು. ಇದು ಊರಿಗೆಲ್ಲ ಗೊತ್ತಿತ್ತು.

ನೌಫಾಗೆ ಸಕ್ಕರೆ ಕಾಯಿಲೆ ಬಂತು. ಮಾತ್ರೆಯ ಜೊತೆಗೆ ದಿನಾ ಖಾಲಿ ಹೊಟ್ಟೆಗೆ ಜಾದಾ ಶುರುವಾಯಿತು. ಸಕ್ಕರೆ ಇಳಿಯಿತು ಕೂಡ, ವಜೀಹಾ ಬೀಗಿದಳು. ಚಳಿಗಾಲ ಕಳೆಯುವ ಹೊತ್ತಿಗೆ ನೌಫಾಗೆ ಊಟ ಸೇರದಾಯಿತು. ಒಂದು ದಿನ ರೊಟ್ಟಿ ಮುರಿಯುತ್ತ ಅವಳು ತಲೆಯೆತ್ತಿದಾಗ ಕಣ್ಣು ಹಳದಿಯಾಗಿತ್ತು.

ಕಣ್ಣು ಹಳದಿಯಾದರೆ ಏನು ಮಾಡಬೇಕೆಂದು ಆ ಊರಲ್ಲಿ ಯಾರನ್ನೂ ಕೇಳಬೇಕಿಲ್ಲ. ವಜೀಹಾ ಸೊಪ್ಪನ್ನು ಇಮ್ಮಡಿ ಮಾಡಿದಳು.

"ಅಕ್ಕಾ, ವಾಂತಿ ಬರುತ್ತೆ ಕಣೇ."

"ಬರ್ಲಿ ಬಿಡು, ಕೆಟ್ಟದ್ದು ಹೊರಗೆ ಹೋಗ್ತಿದೆ. ಮೂಗು ಹಿಡ್ಕೊಂಡು ಕುಡಿ, ನನ್ನ ಬಂಗಾರ ಅಲ್ವಾ."

ನೌಫಾ ಕುಡಿದಳು. ಅಕ್ಕ ಕೊಟ್ಟದ್ದನ್ನು ಬೇಡವೆನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ. ಹಳದಿ ಮೈಗೆಲ್ಲ ಇಳಿದು ಮಾತು ತೊದಲತೊಡಗಿದ ಮೇಲೆ ಅವಳನ್ನು ಪಟ್ಟಣದ ಆಸ್ಪತ್ರೆಗೆ ಹೊತ್ತುಕೊಂಡು ಹೋದರು.

"ಸೊಪ್ಪುಗಿಪ್ಪು ಏನಾದ್ರೂ ಕುಡಿಸ್ತಿದ್ರೇನಮ್ಮಾ?" ಎಂದು ಡಾಕ್ಟರಮ್ಮ ಕೇಳಿದಳು.

"ಜಾದಾ. ನಾನೂ ಕುಡೀತೀನಲ್ಲ, ಅದೇ ಲೋಟದಿಂದ! ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ."

ಡಾಕ್ಟರಮ್ಮ ಪಕ್ಕದಲ್ಲಿ ಕೂತಳು. "ಲೋಟದಲ್ಲಿರೋವರೆಗೆ ಅದು ವಿಷ ಅಲ್ಲ. ಹೊಟ್ಟೇಲಿ ಜೀರ್ಣ ಆಗಿ ಲಿವರ್‌ಗೆ ಹೋದ್ಮೇಲೆ, ಲಿವರ್ರೇ ಅದನ್ನ ಒಡೆದು ಬೇರೆ ಏನೋ ಮಾಡಿಬಿಡುತ್ತೆ. ಆ ಬೇರೆಯಾದದ್ದು ವಿಷ. ಕೆಲವರು ತಡ್ಕೋತಾರೆ, ಇವರಿಗೆ ಆಗ್ಲಿಲ್ಲ. ಕಣ್ಣು ಹಳದಿಯಾದ ದಿನವೇ ನಿಲ್ಸಿದ್ರೆ..."

"ನಾನು ಜಾಸ್ತಿ ಮಾಡ್ದೆ" ಎಂದಳು ವಜೀಹಾ.

ಬೇರೆ ಲಿವರ್ ಜೋಡಿಸುವ ಹೊತ್ತೂ ಮೀರಿತ್ತು.

ದೇವರು ಕರುಣಾಮಯಿ ಎನ್ನುತ್ತಾರೆ. ಹಾಗಿದ್ದರೆ ಮೊದಲ ಗುಟುಕು ಕುಡಿದವಳ ಹೊಟ್ಟೆಯಲ್ಲೇ ಅದು ವಿಷವಾಗಬಾರದಿತ್ತೇ? ವಜೀಹಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಕತ್ತರಿಸಿ ಎಸೆಯಬೇಕು ಅನ್ನಿಸಿತು.

ಮಧ್ಯಾಹ್ನ ನೌಫಾಗೆ ಸ್ವಲ್ಪ ಎಚ್ಚರವಾಯಿತು. "ಅಕ್ಕಾ, ಇವರ ಸೂಜಿಯಿಂದ ಏನೂ ಆಗಲ್ಲ. ನಿನ್ನ ಕಷಾಯ ಕೊಡು. ನಿನ್ನ ಕೈಯಿಂದಾನೇ ಕೊಡು."

ಹೇಳಿಬಿಡಬಹುದಿತ್ತು. ಆದರೆ ನಿನ್ನನ್ನು ಕೊಂದದ್ದು ನಾನೇ ಎಂದು ತಾನು ಸಾಕಿದ ಮಗುವಿಗೆ ಹೇಳಲು ಬಾಯಿ ಬರಲಿಲ್ಲ. ಯಾವ ಸೊಪ್ಪನ್ನೂ ಮುಟ್ಟುವ ಧೈರ್ಯವೂ ಉಳಿದಿರಲಿಲ್ಲ. ನರ್ಸನ್ನು ಕೇಳಿ ಲೋಟದಲ್ಲಿ ಬಿಸಿನೀರು ತಂದಳು. ರೂಢಿಬಲದಿಂದ ತಾನೊಂದು ಗುಟುಕು ಕುಡಿದು, ತಂಗಿಯ ತಲೆಯನ್ನು ಮೊಣಕೈಗೆ ಆನಿಸಿಕೊಂಡು ತುಟಿಗೆ ಹಿಡಿದಳು.

ನೌಫಾ ಚಪ್ಪರಿಸಿದಳು. ಕಹಿಗಾಗಿ ಹುಡುಕಿದಳು. ಆಮೇಲೆ ಆ ಹಳದಿ ಕಣ್ಣುಗಳು ಅಕ್ಕನ ಮುಖದ ಮೇಲೆ ನಿಂತವು.

"ಬರೀ ನೀರು..." ಎಂದಳು. "ನಂದೂ ಮುಗೀತೇನಕ್ಕಾ?"

"ಇಲ್ಲ ಕಣೇ, ಇಲ್ಲ" ಎಂದಳು ವಜೀಹಾ.

ನೌಫಾ ಗೋಡೆಯ ಕಡೆ ಮುಖ ತಿರುಗಿಸಿದಳು. ಮತ್ತೆ ಈ ಕಡೆ ತಿರುಗಲೇ ಇಲ್ಲ.