ಎಂಜಿನ್ನಿಗೂ ಒಂದು ಸೋಮವಾರ

ನಾನು ಅಜ್ಜಂಪುರಕ್ಕೆ ಬಂದು ಎಂಜಿನ್ನನ್ನು ಮೊದಲ ಸಲ ನಡೆಸಿದ ದಿನ, ಒಬ್ಬ ಮುದುಕ ಒಂದು ಹೊರೆ ಹಸಿ ಹುಲ್ಲು ತಂದು ಅದರ ಮುಂದೆ ಹಾಕಿದ. ಹಾಕಿ, ಸ್ವಲ್ಪ ಹಿಂದೆ ಸರಿದು, ತಿನ್ನುತ್ತದೋ ಇಲ್ಲವೋ ನೋಡುವವನಂತೆ ನಿಂತ. ಗಿರಣಿಯ ಬಾಗಿಲಲ್ಲಿ ನೆರೆದಿದ್ದ ಅರ್ಧ ಊರಿನಲ್ಲಿ ಒಬ್ಬರೂ ನಗಲಿಲ್ಲ. ನಗು ಬಂದದ್ದು ನನಗೊಬ್ಬನಿಗೆ.

"ಇದು ಹುಲ್ಲು ತಿನ್ನುವುದಿಲ್ಲ ಅಜ್ಜ, ಎಣ್ಣೆ ಕುಡಿಯುತ್ತದೆ" ಎಂದೆ.

"ಗೊತ್ತು ಕಣಪ್ಪಾ. ದುಡಿಯೋಕೆ ಅಂತ ಊರಿಗೆ ಹೊಸದಾಗಿ ಬಂದೈತೆ. ಬರಿಗೈಲಿ ನೋಡ್ಬಾರ್ದು ಅಂತ ತಂದೆ."

ಆ ಮುದುಕನ ಹೆಸರು ಮರುಳಪ್ಪ. ಆತ ಮುಂದೆ ನನಗೆ ಮನೆಯ ಯಜಮಾನನೂ ಆದ, ಒಂದು ರೀತಿಯಲ್ಲಿ ಗುರುವೂ ಆದ. ಅದನ್ನು ಹೇಳುವ ಮುನ್ನ ನಾನು ಇಲ್ಲಿಗೆ ಬಂದ ಬಗೆಯನ್ನು ಹೇಳಬೇಕು. ಮಂಗಳೂರಿನ ನಮ್ಮ ಹುಡುಗರು ಒಬ್ಬರಾದ ಮೇಲೊಬ್ಬರು ಕೇಳುತ್ತಲೇ ಇರುತ್ತಾರೆ: ಮೈಸೂರು ಸೀಮೆಯಲ್ಲಿ ಯಾವ ಕೆಲಸಕ್ಕೆ ಬೆಲೆಯಿದೆ, ಯಾವುದನ್ನು ಕಲಿತು ಘಟ್ಟ ಹತ್ತಿದರೆ ಸಂಬಳ ಚೆನ್ನಾಗಿ ಸಿಗುತ್ತದೆ? ಅವರಿಗೂ ಇದೇ ನನ್ನ ಉತ್ತರವಾಗಲಿ.

ನಾನು ನೇತ್ರಾವತಿ ದಡದ ಒಂದು ಹಂಚಿನ ಕಾರ್ಖಾನೆಯಲ್ಲಿದ್ದವನು. ಮೊದಲು ಬಾಯ್ಲರಿಗೆ ಸೌದೆ ಹಾಕುತ್ತಿದ್ದೆ, ಆಮೇಲೆ ಫಿಟ್ಟರನ ಕೈಯಾಳಾದೆ, ಕೊನೆಗೆ ಎಂಜಿನ್ನಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುವಷ್ಟು ಕಲಿತೆ. ಆ ದೊಡ್ಡ ಯುದ್ಧ ಮುಗಿದ ಹೊಸತು. ಅಡಿಕೆ ವ್ಯಾಪಾರಕ್ಕೆಂದು ಮಂಗಳೂರಿಗೆ ಬಂದಿದ್ದ ಅಜ್ಜಂಪುರದ ಸಾಹುಕಾರ ರೇವಣ್ಣನವರು ಬತ್ತ ಕುಟ್ಟಲು, ಹಿಟ್ಟು ಬೀಸಲು ಒಂದು ಎಣ್ಣೆ ಎಂಜಿನ್ ತರಿಸಿದ್ದರು. ಯಂತ್ರ ಬಂದಿತ್ತು, ನಡೆಸುವವರು ಇರಲಿಲ್ಲ. ಹಂಚಿನ ಕಾರ್ಖಾನೆಯಲ್ಲಿ ಸಿಗುತ್ತಿದ್ದುದರ ಎರಡರಷ್ಟು ಸಂಬಳ ಕೊಡುತ್ತೇನೆ, ಬನ್ನಿ ಎಂದರು. ನಾನು ಒಂದೇ ಷರತ್ತು ಹಾಕಿದೆ. ಭಾನುವಾರ ನನಗೆ ರಜೆ ಬೇಕು. ಸಾಹುಕಾರರು ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿ, "ಆಗ್ಲಿ ಬಿಡಿ" ಎಂದರು.

ಭಾನುವಾರದ ಮೇಲೆ ನನಗೆ ಅಷ್ಟು ಹಟವೇಕೆಂದರೆ, ನನ್ನ ಹೆಂಡತಿ ಕಮಲ ಅದೇ ಕಾರ್ಖಾನೆಯಲ್ಲಿ ಮಣ್ಣು ಹೊರುತ್ತಿದ್ದಳು. ವಾರಕ್ಕೊಮ್ಮೆ ಭಾನುವಾರ ಇಬ್ಬರಿಗೂ ಬಿಡುವು. ಮೀನಿನ ಸಾರು, ಕುಚ್ಚಿಗೆ ಅಕ್ಕಿಯ ಅನ್ನ, ಸಂಜೆ ನದಿಯ ಬಾಯಿಗೆ ಹೋಗಿ ದೋಣಿ ನೋಡುತ್ತ ಕೂರುವುದು. ಹೊರಡುವ ದಿನ ಅವಳಿಗೆ ಹೇಳಿದ್ದೆ: ಭಾನುವಾರ ಸಂಜೆ ನೀನು ಅಲ್ಲೇ ಕೂತಿರು, ನಾನೂ ಆ ಊರಿನಲ್ಲಿ ಸುಮ್ಮನೆ ಕೂತಿರುತ್ತೇನೆ. ಗಿರಣಿ ನೆಲೆ ನಿಂತರೆ ಯುಗಾದಿಯ ಹೊತ್ತಿಗೆ ಅವಳನ್ನೂ ಮಗಳನ್ನೂ ಕರೆಸಿಕೊಳ್ಳುವುದೆಂದು ಮಾತಾಗಿತ್ತು.

ಚಾರ್ಮಾಡಿ ಘಾಟಿ ಹತ್ತಿ, ಚಿಕ್ಕಮಗಳೂರಿನಿಂದ ಮೋಟಾರು ಹಿಡಿದೆ. ಸಖರಾಯಪಟ್ಟಣದ ಹತ್ತಿರ ಸಾಲು ಸಾಲು ತೆಂಗಿನ ಮರ ಕಂಡಾಗ ಇನ್ನೇನು ಸಮುದ್ರ ಸಿಗುತ್ತದೆ ಎಂದು ಕಣ್ಣಿಗೆ ಮೋಸವಾಯಿತು. ನಮ್ಮಲ್ಲಿ ತೆಂಗಿದ್ದ ಕಡೆ ಉಪ್ಪುಗಾಳಿ ಇದ್ದೇ ಇರುತ್ತದೆ. ಇಲ್ಲಿ ತೆಂಗಿನ ಆಚೆಗೆ ಬಯಲು, ಬಯಲಿನ ಆಚೆಗೆ ಮತ್ತೂ ಬಯಲು. ಕಡೂರಿನಲ್ಲಿ ರೈಲು ಹತ್ತಿ ಬೀರೂರು ಜಂಕ್ಷನ್ನಿನ ಮೇಲೆ ಅಜ್ಜಂಪುರದಲ್ಲಿ ಇಳಿದಾಗ, ಮಣ್ಣು ನಮ್ಮ ಕೆಂಪು ಮಣ್ಣಲ್ಲ, ಮಸಿಯಂತೆ ಕಪ್ಪು. ಇದರಿಂದ ಹಂಚು ಮಾಡಲಾದೀತೇ ಎಂಬುದೇ ನನಗೆ ಬಂದ ಮೊದಲ ಯೋಚನೆ.

ಮನೆ ಸಿಗುವುದು ಸುಲಭವಾಗಲಿಲ್ಲ. ಪೇಟೆ ಬೀದಿಯಲ್ಲೆಲ್ಲ ಲಿಂಗ ಕಟ್ಟಿದ ಮನೆತನಗಳು. ಮೀನು ತಿನ್ನುವವನೆಂದು ತಿಳಿದೊಡನೆ ಬಾಡಿಗೆಯ ಮಾತು ಹವಾಮಾನದ ಮಾತಿಗೆ ತಿರುಗುತ್ತಿತ್ತು. ಊರಂಚಿನ ತನ್ನ ಮನೆಯ ಪಕ್ಕದ ಕೋಣೆಯನ್ನು ಮರುಳಪ್ಪ ಕೊಟ್ಟ. "ನೀನು ಏನು ತಿಂತೀಯೋ ನಂಗೆ ಬ್ಯಾಡ. ಈ ಬಾಗ್ಲೊಳಗೆ ತಿನ್ನಬ್ಯಾಡ, ಅಷ್ಟೇ" ಎಂದ. ಅಮ್ಮ ಕಟ್ಟಿಕೊಟ್ಟ ಒಣಮೀನಿನ ಡಬ್ಬಿಯನ್ನು ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಒಬ್ಬರ ಮನೆಯಲ್ಲಿಟ್ಟು, ನಾಲಿಗೆ ತೀರಾ ಹಟ ಹಿಡಿದಾಗ ಅಲ್ಲಿಗೆ ಹೋಗಿ ಬರುತ್ತಿದ್ದೆ. ಕೋಣೆಗೂ ಎತ್ತಿನ ಗೊಂತಿಗೂ ನಡುವೆ ಅಡ್ಡಗೋಡೆಯೊಂದೇ. ಗೊಂತೆಂದರೆ ದನಗಳನ್ನು ಕಟ್ಟಿ ಮೇವು ಹಾಕುವ ಜಾಗ. ನಮ್ಮಲ್ಲಿ ಕೊಟ್ಟಿಗೆ ಮನೆಯಿಂದ ಬೇರೆ. ಇಲ್ಲಿ ಎತ್ತು ಮನೆಯ ಜನರ ಲೆಕ್ಕಕ್ಕೇ ಸೇರಿದ್ದು.

ಮುದ್ದೆ ನುಂಗಲು ಕಲಿಯುವಷ್ಟರಲ್ಲಿ ಎರಡು ಸಲ ಕಣ್ಣಲ್ಲಿ ನೀರು ಬಂತು. ಅಗಿಯಬಾರದಂತೆ, ಸಾರಿನಲ್ಲಿ ಅದ್ದಿ ಜಾರಿಸಬೇಕಂತೆ. ಮಾತಿನದೂ ಅದೇ ಕಥೆ. ಮನೆಯಲ್ಲಿ ತುಳು ಆಡಿ ಶಾಲೆಯಲ್ಲಿ ಕನ್ನಡ ಕಲಿತವನು ನಾನು. ಒಂದಕ್ಷರ ನುಂಗದೆ ಮಾತಾಡುತ್ತೇನೆ. "ಎಲ್ಲಿಗೆ ಹೋಗುತ್ತೀರಿ" ಎಂದು ನಾನು ಕೇಳಿ ಮುಗಿಸುವಷ್ಟರಲ್ಲಿ ಅವರು ಹೋಗಿ ಬಂದಿರುತ್ತಿದ್ದರು. ನನಗೆ ಎಂಜಿನ್ ಮೇಷ್ಟ್ರು ಎಂದು ಹೆಸರಿಟ್ಟರು. ನಮ್ಮ ಕಡೆಯ ತಹಶೀಲ್ದಾರರು ಇಲ್ಲಿ ಅಮಲ್ದಾರರು. ಅವರ ಮನೆಯ ರಾಗಿಯೂ ನನ್ನ ಗಿರಣಿಗೆ ಬಂದ ದಿನ ನಾನು ಕಮಲಳಿಗೆ ದೊಡ್ಡ ಕಾಗದ ಬರೆದೆ.

ಮೊದಮೊದಲು ಗಿರಣಿಯಲ್ಲಿ ಜಾತ್ರೆಯಷ್ಟು ಜನ. ಸಂಕ್ರಾಂತಿ ಕಳೆಯುತ್ತಿದ್ದಂತೆ ಊರ ಮಠದಿಂದ ಬತ್ತ ಬರುವುದು ನಿಂತಿತು, ಆಮೇಲೆ ರೈತರ ಗಾಡಿಗಳು ನಿಂತವು. ಪೇಟೆಯ ನಾಲ್ಕು ಅಂಗಡಿಯವರದು, ರೈಲ್ವೆಯವರದು ಮಾತ್ರ ಉಳಿಯಿತು. ಕಾರಣ ಕೇಳಿದರೆ "ಏನಿಲ್ಲ ಬುಡಿ ಮೇಷ್ಟ್ರೇ, ಮನೇಲೇ ಕುಟ್ಕೊಂಡ್ವಿ" ಎನ್ನುತ್ತಿದ್ದರು. ಅಕ್ಕಿ ನುಚ್ಚಾಗುತ್ತಿರಬೇಕೆಂದು ಯಂತ್ರ ಬಿಚ್ಚಿ ಮತ್ತೆ ಜೋಡಿಸಿದೆ. ಹಿಟ್ಟಿಗೆ ಎಣ್ಣೆಯ ವಾಸನೆ ಹಿಡಿಯುತ್ತಿರಬೇಕೆಂದು ನಡುವೆ ಗೋಡೆ ಎತ್ತಿಸಿದೆ. ಏನೂ ಆಗಲಿಲ್ಲ. ಒಂದು ಸಂಜೆ ರೇವಣ್ಣನವರು ತಲೆ ಕೆರೆದುಕೊಳ್ಳುತ್ತ, "ಯುಗಾದಿವರ್ಗೂ ನೋಡಾಣ. ಎಂಜಿನ್ ಕೊಳ್ಳೋರು ತರೀಕೆರೇಲಿ ಒಬ್ರು ಅವ್ರೆ" ಎಂದರು. ಎಂಜಿನ್ ತರೀಕೆರೆಗೆ ಹೋದರೆ ನಾನು ಬರಿಗೈಯಲ್ಲಿ ಘಟ್ಟ ಇಳಿಯಬೇಕು. ಅಲ್ಲಿ ನನ್ನ ಜಾಗಕ್ಕೆ ಆಗಲೇ ಬೇರೊಬ್ಬ ಬಂದಿದ್ದ. ನನಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಅಂಥದರಲ್ಲಿ ಒಂದು ಸೋಮವಾರ, ಬೀಸುತ್ತಿರುವಾಗಲೇ ಎಣ್ಣೆ ಮುಗಿಯಿತು. ಹೊಸ ಪೀಪಾಯಿ ರೈಲಿನಲ್ಲಿ ಬಂದು ಸ್ಟೇಷನ್ನಿನಲ್ಲಿ ಬಿದ್ದಿತ್ತು. ಮರುಳಪ್ಪನ ಹತ್ತಿರ ಓಡಿದೆ. ಆತ ಎತ್ತುಗಳ ಮೈ ತೊಳೆದು, ಕೊಂಬಿಗೆ ಎಣ್ಣೆ ಹಚ್ಚುತ್ತ ಕೂತಿದ್ದ.

"ಅಜ್ಜ, ಗಾಡಿ ಬೇಕಿತ್ತು. ಸ್ಟೇಷನ್ನಿನಿಂದ ಒಂದು ಪೀಪಾಯಿ ತರುವುದಿದೆ."

"ಇವತ್ತು ಸೋಮವಾರ ಕಣಪ್ಪಾ. ಬಸವಣ್ಣನ ದಿನ. ಎತ್ತಿನ ಕುತ್ತಿಗೆ ಮೇಲೆ ನೊಗ ಇಡಾಕಿಲ್ಲ."

"ಹಾಗಾದರೆ ಏನು ಮಾಡಲಿ?"

"ನಡಿ, ನಾನು ಬತ್ತೀನಿ."

ಬಂದ. ಸ್ಟೇಷನ್ನಿನಿಂದ ಗಿರಣಿಯವರೆಗೆ ಆ ಪೀಪಾಯಿಯನ್ನು ನಾವಿಬ್ಬರೂ ಉರುಳಿಸಿಕೊಂಡು ಬಂದೆವು. ಮುದುಕ ನನಗಿಂತ ಗಟ್ಟಿ, ಆದರೂ ಬೇವಿನ ಮರದ ಕೆಳಗೆ ಸುಧಾರಿಸಿಕೊಳ್ಳಲು ನಿಂತಾಗ ಏದುಸಿರು ಬಿಡುತ್ತಿದ್ದ. ದಾರಿಯಲ್ಲಿ ಒಂದು ಗಾಡಿಯೂ ಓಡಾಡುತ್ತಿರಲಿಲ್ಲ, ಹೊಲದಲ್ಲಿ ಒಂದು ನೇಗಿಲೂ ಇರಲಿಲ್ಲ. ನಾನು ಸೋಮವಾರ ಬೆಳಗಾಗುವ ಮುಂಚೆ ಗಿರಣಿ ಸೇರಿ ಕತ್ತಲಾದ ಮೇಲೆ ಹೊರಬರುತ್ತಿದ್ದವನು. ಈ ಊರಿನ ಸೋಮವಾರವನ್ನು ನೋಡಿರಲೇ ಇಲ್ಲ.

"ಎತ್ತಿಗೆ ರಜೆ, ನಿಮಗಿಲ್ಲವೇ ಅಜ್ಜ?" ಎಂದು ಕೇಳಿದೆ.

"ನಂಗೆ ಬಾಯೈತೆ. ನೋವಾದ್ರೆ ನಿನ್ನ ಬೈತೀನಿ. ಅವಕ್ಕೆಲ್ಲೈತೆ ಬಾಯಿ?" ಎಂದು ಪೀಪಾಯಿಗೆ ಮತ್ತೆ ಕೈ ಹಚ್ಚಿ, "ನಿನ್ನ ಎಂಜಿನ್ನಿಗೂ ಇಲ್ಲ" ಎಂದ.

ನನಗೆ ಆಗ ಅರಿವಾಯಿತು. ಭಾನುವಾರ ರೈತರು ಗಾಡಿ ಹೂಡಿಕೊಂಡು ಬಂದರೆ ಗಿರಣಿಗೆ ಬೀಗ. ಸೋಮವಾರ ಇಡೀ ಊರಿನ ಎತ್ತು ನೆರಳಲ್ಲಿ ಮಲಗಿದ್ದರೆ ನನ್ನ ಎಂಜಿನ್ ಬೀದಿಗೆಲ್ಲ ಕೇಳುವಂತೆ ಟಪ್ ಟಪ್ ಎಂದು ದುಡಿಯುತ್ತಿರುತ್ತದೆ.

"ಜನ ಬರದೆ ಇರುವುದು ಇದಕ್ಕೇನಾ?"

"ಇನ್ನೇನು, ನಿನ್ನ ಮೀಸೆ ನೋಡಿ ಹೆದರ್ಕೊಂಡ್ರು ಅಂದ್ಕೊಂಡ್ಯಾ? ಸೋಮವಾರ ದುಡಿಸಿದ್ದರ ಅಕ್ಕಿ ಮಠದ ಒಲೆ ಮೇಲೆ ಹೆಂಗೆ ಇಡ್ತಾರಪ್ಪಾ?"

"ಒಬ್ಬರಾದರೂ ಹೇಳಬಹುದಿತ್ತಲ್ಲ."

"ಸಾವುಕಾರ ಬ್ಯಾಡ ಅಂದಿದ್ದ. ಹೇಳಿದ್ರೆ ನೀನು ಗಂಟು ಕಟ್ತೀಯ, ಎಂಜಿನ್ ಮುಟ್ಟೋರು ಈ ಸೀಮೇಲೇ ಸಿಗಾಕಿಲ್ಲ ಅಂತ."

ಕೆಲಸ ಹುಡುಕಿಕೊಂಡು ಬರುವ ಹುಡುಗರೇ, ನಾನು ನಿಮಗೆ ಹೇಳಬೇಕೆಂದಿರುವುದು ಇದನ್ನೇ. ಬೇಡಿಕೆಯ ಕೆಲಸ ಕಲಿತವನಿಗೆ ಒಂದು ತೊಂದರೆಯಿದೆ: ಅವನ ತಪ್ಪನ್ನು ಅವನಿಗೆ ಯಾರೂ ಹೇಳುವುದಿಲ್ಲ. ಹಂಚಿನ ಕಾರ್ಖಾನೆಯಲ್ಲಿ ನಾನು ನೂರರಲ್ಲೊಬ್ಬ. ಮೇಸ್ತ್ರಿ ದಿನಕ್ಕೊಮ್ಮೆ ಬಯ್ಯುತ್ತಿದ್ದ, ನಾನು ತಿದ್ದಿಕೊಳ್ಳುತ್ತಿದ್ದೆ. ಇಲ್ಲಿ ನಾನೊಬ್ಬನೇ. ನಾನು ಓಡಿಹೋಗುತ್ತೇನೆಂಬ ಹೆದರಿಕೆಗೆ ಇಡೀ ಊರು ಬಾಯಿ ಮುಚ್ಚಿಕೊಂಡು, ನನ್ನ ಕೆಲಸ ಮುಳುಗುವುದನ್ನು ಮರ್ಯಾದೆಯಿಂದ ನೋಡುತ್ತಿತ್ತು.

ಅಂದು ಸಂಜೆಯೇ ಸಾಹುಕಾರರ ಮನೆಗೆ ಹೋಗಿ, ನನಗೆ ಭಾನುವಾರ ಬೇಡ, ಸೋಮವಾರ ಗಿರಣಿ ನಿಲ್ಲಿಸೋಣ ಎಂದೆ. ರೇವಣ್ಣನವರು ಎಲೆ ಅಡಿಕೆಯ ತಟ್ಟೆ ನನ್ನ ಮುಂದೆ ಸರಿಸಿ, "ಮಂಗಳೂರಲ್ಲೇ ಹೇಳೋಣ ಅಂತ ಬಾಯಿಗೆ ಬಂದಿತ್ತು ಕಣ್ರೀ. ನೀವು ಬರಾಕಿಲ್ಲ ಅಂದ್ಬಿಟ್ರೆ ಅಂತ ನುಂಗ್ಕೊಂಡೆ" ಎಂದರು.

ಹೇಳಿ ಬಂದದ್ದೇನೋ ಆಯಿತು. ಕೋಣೆಗೆ ಬಂದು ಕೂತಾಗ ಮಾತ್ರ ದುಃಖ ಒತ್ತಿಕೊಂಡು ಬಂತು. ಇನ್ನು ಭಾನುವಾರ ಸಂಜೆ ಕಮಲ ಒಬ್ಬಳೇ ದೋಣಿ ನೋಡಬೇಕು. ಕಾಗದ ಬರೆದೆ. ಅವಳು ಪಕ್ಕದ ಮನೆಯವರಿಂದ ಉತ್ತರ ಬರೆಸಿದಳು: "ಸೋಮವಾರ ನಾನು ಮಣ್ಣಿನ ಬುಟ್ಟಿ ಹೊರುವಾಗ ನೀವು ಕಾಲು ಚಾಚಿ ಕೂತಿದ್ದೀರೆಂದು ನೆನೆದು ಹೊಟ್ಟೆಕಿಚ್ಚು ಪಡುತ್ತೇನೆ. ನೆನೆದ ಹಾಗೂ ಆಯಿತು."

ಮೊದಲ ಸೋಮವಾರ ಎಂಜಿನ್ನಿನ ತಲೆ ಬಿಚ್ಚಿ ಒಳಗಿನ ಮಸಿ ಕೆರೆದೆ, ಒರೆಸಿದೆ. ಮರುಳಪ್ಪ ಬಂದು ಅದರ ದೊಡ್ಡ ಚಕ್ರಕ್ಕೆ ವಿಭೂತಿ ಎಳೆದು, ಮುಂದೊಂದು ಹಿಡಿ ಹುಲ್ಲು ಹಾಕಿದ. ಬೇಸಿಗೆ ಕಾಲಿಟ್ಟಿತ್ತು, ಹಸಿ ಹುಲ್ಲು ಸುಲಭವಾಗಿ ಸಿಗುವ ಕಾಲವಲ್ಲ. ಈ ಸಲ ನನಗೆ ನಗು ಬರಲಿಲ್ಲ. ಮಂಗಳವಾರ ಬೆಳಿಗ್ಗೆ ಗಾಡಿಗಳು ಬಾಗಿಲಿಗೆ ಬಂದು ನಿಂತಿದ್ದವು, ಮುಂದಿನ ವಾರ ಮಠದ ಬತ್ತವೂ ಬಂತು. ಯುಗಾದಿಗೆ ಎರಡು ದಿನ ಮುಂಚೆ ಕಮಲ ಮಗಳನ್ನು ಎತ್ತಿಕೊಂಡು ರೈಲಿನಿಂದ ಇಳಿದಳು.

ಈಗ ಹುಡುಗರ ಪ್ರಶ್ನೆಗೆ ಬರುತ್ತೇನೆ. ಬೀರೂರು ಜಂಕ್ಷನ್ನಿನಲ್ಲಿ ಫಿಟ್ಟರು, ಫೈರ್‌ಮನ್ನುಗಳಿಗೆ ಕೆಲಸವಿದೆ. ಕಡೂರಿನಲ್ಲಿ ಕೊಬ್ಬರಿ ಎಣ್ಣೆ ತೆಗೆಯಲು ಎಂಜಿನ್ ತರಿಸುವ ಮಾತು ನಡೆದಿದೆ. ವಿದ್ಯುತ್ತಿನ ತಂತಿ ಎಳೆಯುವವನು, ಕಾಂಪೌಂಡರು, ಹೆರಿಗೆ ಮಾಡಿಸಲು ಕಲಿತ ನರ್ಸಮ್ಮ, ಇವರಿಗೆ ಈ ಸೀಮೆಯಲ್ಲಿ ಕರೆದು ಕೂರಿಸಿ ಸಂಬಳ ಕೊಡುತ್ತಾರೆ. ಇಂಗ್ಲಿಷ್ ಕಲಿತು ಗುಮಾಸ್ತರಾಗುವ ಆಸೆಯಿದ್ದರೆ ಮನೆಯಲ್ಲೇ ಇರಿ. ಅಂಥವರು ಇಲ್ಲಿಯೇ ಬೇಕಾದಷ್ಟಿದ್ದಾರೆ. ಹೆಂಗಸರಿಗೆ ನಮ್ಮಲ್ಲಿರುವಂತೆ ಕಾರ್ಖಾನೆಯ ಕೂಲಿ ಇಲ್ಲ. ಕಮಲಳಿಗೆ ತನ್ನ ಕೈಯ ದುಡಿಮೆ ತಪ್ಪಿಹೋದ ಬೇಸರ ಇಂದಿಗೂ ಇದೆ. ನನ್ನ ಕೆಲಸದ ಬೆಲೆಯೂ ಶಾಶ್ವತವಲ್ಲ. ಊರೂರಿಗೂ ಎಂಜಿನ್ ಬಂದು ಊರೂರಿನವರೂ ಕಲಿತ ಮೇಲೆ ಘಟ್ಟದ ಕೆಳಗಿನಿಂದ ಯಾರು ಕರೆಸುತ್ತಾರೆ?

ಭದ್ರಾ ದಡದಲ್ಲಿ ಏಳುತ್ತಿರುವ ಕಬ್ಬಿಣದ ಕಾರ್ಖಾನೆಯಿಂದಲೂ ಹೋದ ವರ್ಷ ಕರೆ ಬಂದಿತ್ತು. ಸಂಬಳ ಇನ್ನೂ ಹೆಚ್ಚು. ಅಲ್ಲಿಯ ಕುಲುಮೆ ಹೊತ್ತಿಸಿದರೆ ಆರಿಸುವುದೇ ಇಲ್ಲವಂತೆ, ಭಾನುವಾರವೂ ಇಲ್ಲ, ಸೋಮವಾರವೂ ಇಲ್ಲ. ಮರುಳಪ್ಪನಿಗೆ ಹೇಳಿದೆ. "ಹೋಗಪ್ಪಾ, ನಿನ್ನ ಹೊಟ್ಟೆಪಾಡು" ಎಂದ. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಾನು ಹೋಗಲಿಲ್ಲ.

ಮೊನ್ನೆ ನಾಲ್ಕು ವರ್ಷದ ಮೇಲೆ ಊರಿಗೆ ಹೋಗಿದ್ದೆವು. ಭಾನುವಾರ ಮೀನಿನ ಸಾರು ಉಂಡು, ನದಿಯ ಬಾಯಿಯಲ್ಲಿ ಕಮಲಳ ಪಕ್ಕ ಕೂತೆ. ಎಷ್ಟು ವರ್ಷ ನೆನೆದ ಸಂಜೆ ಅದು. ಆದರೆ ನನ್ನ ಕಿವಿ ಗಾಡಿಗಳ ಸದ್ದಿಗೆ ಕಾಯುತ್ತಿತ್ತು. ಭಾನುವಾರವೆಂದರೆ ಗಿರಣಿಯಲ್ಲಿ ಉಸಿರಾಡಲು ಬಿಡುವಿಲ್ಲದ ದಿನ. "ಇಲ್ಲಿದ್ದೀರೋ, ಅಲ್ಲಿದ್ದೀರೋ?" ಎಂದು ಕಮಲ ಕೇಳಿದಳು.

ಮರುದಿನ ಬೆಳಿಗ್ಗೆ ಹಂಚಿನ ಕಾರ್ಖಾನೆಯ ಸೀಟಿ ಊದಿತು. ಇಡೀ ಕೇರಿ ಬುತ್ತಿ ಹಿಡಿದು ಹೊರಟಿತು. ನಾನು ಅಂಗಳದ ಅಂಚಿನಲ್ಲಿ ಕೂತೇ ಇದ್ದೆ. ಅಮ್ಮ ಬಂದು, "ಯಾಕೆ ಮಗಾ, ಎಲ್ಲರೂ ಕೆಲಸಕ್ಕೆ ಹೋದರು, ನೀನು ಯಾಕೆ ಹೀಗೆ ಕೂತೆ? ಮೈ ಹುಷಾರಿಲ್ಲವಾ?" ಎಂದು ತುಳುವಿನಲ್ಲಿ ಕೇಳಿದಳು.

"ಇವತ್ತು ಸೋಮವಾರ ಅಮ್ಮಾ" ಎಂದೆ.

ಅಮ್ಮನಿಗೆ ಅರ್ಥವಾಗಲಿಲ್ಲ. ಆಗ ನನ್ನ ಕೈ ನೋಡಿಕೊಂಡೆ. ಅಂಗಳದ ಅಂಚಿನ ಹುಲ್ಲನ್ನು ನನಗೆ ತಿಳಿಯದೆಯೇ ಒಂದು ಹಿಡಿ ಕಿತ್ತು ಇಟ್ಟುಕೊಂಡಿದ್ದೆ.